ಹಳೆಯ ಮೈಕ್ರೋಸ್ಕೋಪ್ ಆಬ್ಜೆಕ್ಟಿವ್ ಆರಿಸುವುದು ಹೇಗೆ? ಬಳಸಿದವರ ಅನುಭವಗಳು

ಪುಣೆಯಿಂದ ಕೇಳಿದವರು:
ನನ್ನ ಮ್ಯಾಕ್ರೋ ಲೆನ್ಸಿನಿಂದ ಕೀಟಗಳನ್ನು ಅವುಗಳ ನಿಜಗಾತ್ರದವರೆಗೆ ಸೆರೆಹಿಡಿಯಬಲ್ಲೆ. ಚಿಟ್ಟೆಯ ರೆಕ್ಕೆಯ ಹುರುಪೆಗಳು ಬಿಡಿಬಿಡಿಯಾಗಿ ಕಾಣಬೇಕೆಂಬ ಆಸೆಯಿಂದ, ಕ್ಯಾಮೆರಾಕ್ಕೆ ಜೋಡಿಸಲು ಹಳೆಯ ಮೈಕ್ರೋಸ್ಕೋಪ್ ಆಬ್ಜೆಕ್ಟಿವ್ (ವಸ್ತುವಿನ ಕಡೆಗಿರುವ ಲೆನ್ಸ್) ಒಂದನ್ನು ಕೊಳ್ಳಲು ಯೋಚಿಸುತ್ತಿದ್ದೇನೆ. 10 ಪಟ್ಟು ಹಿಗ್ಗಿಸುವುದು ಸಾಕೇ, 40ರದ್ದು ಬೇಕೇ? ಕೊಳ್ಳುವಾಗ ಏನೇನು ಪರೀಕ್ಷಿಸಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಡೊಂಬಿವಲಿಯಿಂದ:
40ರದ್ದನ್ನು ದಯವಿಟ್ಟು ಕೊಳ್ಳಬೇಡಿ. ಕಾಲೇಜು ಮೈಕ್ರೋಸ್ಕೋಪುಗಳಲ್ಲಿ ಬರುವ ಆ ಆಬ್ಜೆಕ್ಟಿವ್ ವಸ್ತುವಿಗೆ ಒಂದು ಮಿಲಿಮೀಟರಿಗಿಂತಲೂ ಹತ್ತಿರ ಬರಬೇಕಾಗುವುದರಿಂದ ಮೇಲಿನಿಂದ ಬೆಳಕು ಹಾಯಿಸಲು ಜಾಗವೇ ಉಳಿಯುವುದಿಲ್ಲ, ಅಲ್ಲದೆ ಸ್ಲೈಡಿನ ಮೇಲೆ ಹೊದಿಸುವ 0.17 ಮಿ.ಮೀ. ದಪ್ಪದ ಕವರ್ ಗ್ಲಾಸಿನ ಮೂಲಕ ನೋಡಲೆಂದೇ ಅದನ್ನು ರೂಪಿಸಿರುವುದರಿಂದ, ಗಾಜು ಹೊದಿಸದ ರೆಕ್ಕೆಯ ಚಿತ್ರ ಮಂಕಾಗುತ್ತದೆ. 4 ಮತ್ತು 10ರವುಗಳಿಗೆ ಆ ಗಾಜು ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸವಾಗದು. ಹುರುಪೆಗಳಿಗೆ 10/0.25 (10 ಪಟ್ಟು ಹಿಗ್ಗಿಸುವ, ಬೆಳಕು ಹಿಡಿಯುವ ಸಾಮರ್ಥ್ಯದ ಅಂಕಿ 0.25 ಇರುವುದು) ಧಾರಾಳವಾಗಿ ಸಾಕು.

ಮುಂಬಯಿಯ ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಯಲ್ಲಾಗಲಿ, ಬೇರೆಲ್ಲೇ ಆಗಲಿ, ಬೆಲೆ ಕೇಳುವ ಮೊದಲು ಮೈಮೇಲೆ ಕೆತ್ತಿರುವ ಅಂಕಿಗಳನ್ನು ಓದಿ. 160/0.17 ಎಂದಿದ್ದರೆ ಅದು 160 ಮಿ.ಮೀ. ಟ್ಯೂಬಿನ ಹಳೆಯ ಪದ್ಧತಿಯದು. ತಿರುಪಿನ ಬುಡದಿಂದ ಸೆನ್ಸರಿಗೆ ಸುಮಾರು 150 ಮಿ.ಮೀ. ಅಂತರ ಬರುವಂತೆ ಬೆಲ್ಲೋಸ್ (ಹಿಗ್ಗಿಸಿ ಕುಗ್ಗಿಸಬಹುದಾದ ತಿದಿ) ಅಥವಾ ಎಕ್ಸ್‌ಟೆನ್ಷನ್ ಟ್ಯೂಬ್ (ಟೊಳ್ಳು ಕೊಳವೆ) ಜೋಡಿಸಿದರಾಯಿತು. 160ರ ಜಾಗದಲ್ಲಿ ∞ ಚಿಹ್ನೆ ಇದ್ದರೆ, ಹಿಂದೆ ಇನ್ನೊಂದು ಲೆನ್ಸ್ ಇಲ್ಲದೆ ಸೆನ್ಸರಿನ ಮೇಲೆ ಬಿಂಬ ಮೂಡುವುದಿಲ್ಲ. ಆ ಲೆನ್ಸಿನ ಫೋಕಲ್ ಲೆಂತ್ ನಿಕಾನಿನವುಗಳಿಗೆ 200 ಮಿ.ಮೀ., ಒಲಿಂಪಸ್‌ನವುಗಳಿಗೆ 180 ಮಿ.ಮೀ. ಇರಬೇಕು. ನಿಮ್ಮಲ್ಲಿ 200 ಮಿ.ಮೀ. ಟೆಲಿಫೋಟೋ ಇದ್ದರೆ ಅದನ್ನು ಅನಂತಕ್ಕೆ ಫೋಕಸ್ ಮಾಡಿ, ಅಪರ್ಚರನ್ನು ಪೂರ್ತಿ ತೆರೆದು, ಅದರ ಮುಂದೆ ಆಬ್ಜೆಕ್ಟಿವನ್ನು ಅಡಾಪ್ಟರಿನಲ್ಲಿ ಕೂರಿಸಬಹುದು.

ಹಳೆಯ ಪದ್ಧತಿಯಲ್ಲಿ ಒಂದು ತೊಡಕಿದೆ. ಹಲವು ತಯಾರಕರು ಬಣ್ಣದ ದೋಷದ ಒಂದು ಪಾಲನ್ನು ತಿದ್ದುವ ಕೆಲಸವನ್ನು ಐಪೀಸಿಗೆ (ಕಣ್ಣಿಟ್ಟು ನೋಡುವ ಲೆನ್ಸಿಗೆ) ಬಿಡುತ್ತಿದ್ದರು. ಐಪೀಸಿಲ್ಲದೆ ಬಿಂಬ ನೇರವಾಗಿ ಸೆನ್ಸರಿನ ಮೇಲೆ ಬಿದ್ದಾಗ ಚಿತ್ರದ ಅಂಚಿನಲ್ಲಿ ಕೆಂಪು, ನೀಲಿ ಗೆರೆಗಳು ಎದ್ದು ಕಾಣುತ್ತವೆ. ನಿಕಾನಿನ ಸಿ.ಎಫ್. ಸರಣಿಯಲ್ಲಿ ಈ ತಿದ್ದುಪಡಿ ಆಬ್ಜೆಕ್ಟಿವಿನೊಳಗೇ ಆಗಿರುವುದರಿಂದ, ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಹುಡುಕಿ ಎಂಬುದು ನನ್ನ ಸಲಹೆ.

ಮಡಗಾಂವಿನಿಂದ:
ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುವುದೇ ದೊಡ್ಡ ಭಯ. ಆಬ್ಜೆಕ್ಟಿವನ್ನು ಬಲ್ಬಿನ ಕಡೆಗೆ ಓರೆಯಾಗಿ ಹಿಡಿದು ಹಿಂಬದಿಯಿಂದ ಒಳಗೆ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಅನಂತರ ಅಂಗಡಿಯವರಲ್ಲಿ ಒಂದು ಐಪೀಸ್ ಕೇಳಿ ಪಡೆದು, ಅದನ್ನು ತಿರುಗುಮುರುಗಾಗಿ ಹಿಡಿದು ಭೂತಗನ್ನಡಿಯ ಹಾಗೆ ಬಳಸಿ ಮುಂದಿನ ಗಾಜನ್ನು ಪರೀಕ್ಷಿಸಿ. ಒಣಗಿದ ಎಣ್ಣೆಯ ಕಲೆಯನ್ನು ಒರೆಸಿ ತೆಗೆಯಬಹುದು, ಗೀರನ್ನು ತೆಗೆಯಲಾಗದು. ಮೈಮೇಲೆ 'ಪಿ.ಎಚ್.' ಎಂದಿದ್ದರೆ ಒಳಗೆ ಫೇಸ್ ಕಾಂಟ್ರಾಸ್ಟಿನ (ಪಾರದರ್ಶಕ ವಸ್ತುಗಳನ್ನು ನೋಡುವ ವಿಧಾನದ) ಉಂಗುರವಿರುತ್ತದೆ. ನಿಮ್ಮ ಕೆಲಸಕ್ಕೆ ಅದು ತಕ್ಕುದಲ್ಲ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ.

ಮತ್ತೆ ಡೊಂಬಿವಲಿಯಿಂದ:
ಒಂದು ಮಾತು ಬಿಟ್ಟುಹೋಗಿತ್ತು. 10/0.25ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 9 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಮಾತ್ರ, 4/0.10ರಲ್ಲಿ ಸುಮಾರು 55. ಆದ್ದರಿಂದ ಫೋಕಸನ್ನು ಅದಕ್ಕಿಂತ ಕಡಿಮೆ ಅಂತರದಲ್ಲಿ ಸರಿಸುತ್ತ ಅನೇಕ ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಬೇಕಾಗುತ್ತದೆ. ನಮ್ಮ ಮನೆ ರೈಲು ಹಳಿಗೆ ಹತ್ತಿರವಿದ್ದು, ಲೋಕಲ್ ಹಾದುಹೋದಾಗಲೆಲ್ಲ ಮೇಜು ಅದುರುತ್ತದೆ. ಎಲ್‌ಇಡಿ ದೀಪದಲ್ಲಿ ಕದಲಿದಂತೆ ಬರುತ್ತಿದ್ದ ಚಿತ್ರಗಳು, ಕೋಣೆಯನ್ನು ಕತ್ತಲಾಗಿಸಿ ಫ್ಲ್ಯಾಶನ್ನು ಕಡಿಮೆ ಶಕ್ತಿಯಲ್ಲಿ ಬಳಸತೊಡಗಿದ ಮೇಲೆ ನಿಚ್ಚಳವಾಗಿ ಬರುತ್ತಿವೆ.