ಮಗಳ ಕಾಯಿಲೆಗೆ ಕಾರಣ ಏನೆಂದು ನೆಂಟರಿಗೆ ಹೇಳಲಿ?

ಶಿವಮೊಗ್ಗದ ತಾಯಿ:
ನನ್ನ ಮಗಳು ದ್ವಿತೀಯ ಪಿಯುಸಿ. ಸೋಮವಾರದ ಉಪವಾಸವೆಂದು ಶುರುವಾದದ್ದು ಶನಿವಾರಕ್ಕೂ ಏಕಾದಶಿಗೂ ಹಬ್ಬಿತು. "ಈ ವಯಸ್ಸಿಗೆ ಎಂಥ ಭಕ್ತಿ" ಎಂದು ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ. ಅವಳ ಚೂಡಿದಾರಗಳಿಗೆ ಎರಡು ಸಲ ಹೊಲಿಗೆ ಹಿಡಿಸಿದ ಮೇಲೆ ಭಯವಾಯಿತು. ವೈದ್ಯರು ಅನೊರೆಕ್ಸಿಯಾ ಎಂದರು, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುತ್ತಾ ಹೋಗುವ ಮಾನಸಿಕ ಕಾಯಿಲೆ.

ಈಗ ಬಂದವರೆಲ್ಲ ಕಾರಣ ಕೇಳುತ್ತಾರೆ. ಇಂಜಿನಿಯರ್ ಆಗಿರುವ ನನ್ನ ತಮ್ಮ "ಮೊಬೈಲ್ ನೋಡಿ ಹತ್ತಿದ ಹುಚ್ಚು, ಎರಡೇಟು ಕೊಟ್ಟರೆ ತಿನ್ನುತ್ತಾಳೆ" ಎಂದ. ಅಂದಿನಿಂದ ಅವನು ಬಂದರೆ ಅವಳು ಕೋಣೆಯಿಂದ ಹೊರಗೆ ಬರುವುದಿಲ್ಲ. ಅತ್ತೆ ಕಣ್ಣು ಬಿದ್ದಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ಮಗುವಿನದೇ ತಪ್ಪೆಂದು ಒಮ್ಮೆಯೂ ಅನ್ನದವರು ಅವರೊಬ್ಬರೇ. ಅವಳು ಗಂಜಿ ಕುಡಿಯುವುದೂ ಅವರ ಪಕ್ಕದಲ್ಲೇ. ವಂಶವಾಹಿಯ ಪಾತ್ರವೂ ಇದೆಯೆಂದು ವೈದ್ಯರು ಹೇಳಿದ್ದನ್ನು ನಾದಿನಿಗೆ ತಿಳಿಸಿದರೆ, "ಹಾಗಾದರೆ ನಾಳೆ ಸಂಬಂಧ ಹುಡುಕುವಾಗ?" ಎಂದಳು. ಯಾವ ಕಾರಣ ಹೇಳಿದರೂ ಯಾರದೋ ತಲೆಗೆ ಬರುತ್ತದೆ.

ಧಾರವಾಡದ ನರ್ಸ್, ಮನೋರೋಗ ವಿಭಾಗ:
ಅಕ್ಕಾ, ವಂಶವಾಹಿ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಜನ ಬೈಯುವುದನ್ನು ಬಿಡುತ್ತಾರೆ, ಆದರೆ ಇದು ವಾಸಿಯಾಗದು ಎಂದುಕೊಳ್ಳುತ್ತಾರೆ. ವಾಸಿಯಾದವರನ್ನು ನಾನು ನೋಡಿದ್ದೇನೆ. ನಾನು ಬಂಧುಗಳಿಗೆ ಹೇಳುವುದು ಬೇರೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಅವರು ಸಿಡುಕರಾದರು, ಜನರಿಂದ ದೂರ ಸರಿದರು, ಅಡುಗೆ ಪುಸ್ತಕಗಳನ್ನು ಓದುತ್ತಾ ಕುಳಿತರು, ಒಂದೇ ಊಟವನ್ನು ಗಂಟೆಗಟ್ಟಲೆ ಎಳೆದರು. ನಿಮ್ಮ ಮಗಳಲ್ಲಿ ಹಟವೆಂದು ಕಾಣುವುದರಲ್ಲಿ ಬಹಳಷ್ಟು ಆ ಹಸಿವಿನದೇ ಕೆಲಸ. ಕಾಯಿಲೆ ಯಾಕೆ ಬಂತೆಂಬುದಕ್ಕೆ ಒಂದೇ ಉತ್ತರವಿಲ್ಲ. ತಾಯಿ ಅದರ ಕಾರಣ ಎಂಬ ಹಳೆಯ ಮಾತನ್ನಂತೂ ಮನಸ್ಸಿನಿಂದ ತೆಗೆದುಹಾಕಿ.

ಹಾಸನದ ಯುವಕ:
ನನಗೂ ಇದೇ ಇತ್ತು. ಇದು ಹುಡುಗಿಯರ ಕಾಯಿಲೆ ಎಂಬ ನಂಬಿಕೆಯಿಂದ ಎರಡು ವರ್ಷ ಬರೀ ಹೊಟ್ಟೆಯ ಪರೀಕ್ಷೆಗಳಾದವು. ನನ್ನ ಅಕ್ಕ ಮಾತ್ರ ಕಾರಣ ಕೇಳಲಿಲ್ಲ. ಊಟವಾದ ಮೇಲಿನ ಅರ್ಧ ಗಂಟೆ ನನಗೆ ನರಕ. ಆಗ ದಿನವೂ ಚೌಕಾಬಾರ ಹಾಸಿ ಕುಳಿತುಕೊಳ್ಳುತ್ತಿದ್ದಳು.

ಶಿವಮೊಗ್ಗದ ತಾಯಿ:
ನಾದಿನಿಗೆ ಇನ್ನೇನೂ ಹೇಳಿಲ್ಲ. ತಮ್ಮನಿಗೆ ಆ 36 ಜನರ ವಿಷಯ ಹೇಳಿದೆ. ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಅಕ್ಕಾ, ಹಾಗಾದರೆ ಅವಳಿಗೆ ಹಸಿವಾಗುತ್ತಿದೆಯೇ?"