ಅಕ್ಕನ ಮಗ ಶಾಟ್‌ಪುಟ್‌ನಾಗ ತೂರ್ ಥರ ಆಗ್ತೀನಂತಾನ, ಎಲ್ಲಿಂದ ಶುರು ಮಾಡ್ಸೋದ್ರೀ?

ಕಾರಟಗಿ_ಮಾವ:
ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಅಕ್ಕನ ಮಗ ಒಂಬತ್ತನೇ ಕ್ಲಾಸ್, ಆಳು ನೋಡಿದ್ರ ಪಿಯುಸಿ ಅನ್ನಬೇಕು ಹಂಗ ಬೆಳದಾನ, ತಾಲೂಕು ಕ್ರೀಡಾಕೂಟದಾಗ ಗುಂಡು ಎಸೆತದಾಗ ಫಸ್ಟ್ ಬಂದಾನ ಅಲ್ಲಿಂದ ಬರೀ ಅದ ಜಪ. ತಜಿಂದರ್‌ಪಾಲ್ ಸಿಂಗ್ ತೂರ್ ಮತ್ತ ಅಮೆರಿಕದ ರಯಾನ್ ಕ್ರೌಸರ್ ವಿಡಿಯೋ ನೋಡಿ ಅಂಗಳದಾಗ ಗಿರಗಿರ ತಿರುಗಿ ಒಗೀತಾನ, ಮೊನ್ನೆ ದನದ ನೀರಿನ ತೊಟ್ಟಿ ಮೂಲಿ ಕಿತ್ತು ಹೋತು. ಸಾಲಿಯಾಗ ಕಲಿಸೋರು ಯಾರೂ ಇಲ್ಲ. ಪರಿಚಯದವ್ರೊಬ್ರು ಈಗಿಂದ ದೊಡ್ಡೋರ ಗುಂಡು 7 ಕೆಜಿದ್ದು ತಂದು ಕೊಡ್ರಿ, ರಟ್ಟಿ ಗಟ್ಟಿ ಆಗ್ತಾವ ಅಂತಾರ, ಜಿಮ್‌ಗೆ ಹಾಕ್ರಿ ಅಂತಾರ. ಹೌದೇನ್ರೀ? ಈ ತೂರ್ ಹೆಂಗ ಮ್ಯಾಲ ಬಂದ?

ಬಳ್ಳಾರಿ_ಟ್ರ್ಯಾಕ್:
ತೂರ್ ಕಥೆ ನಿಮ್ ಹುಡುಗನಿಗೆ ಪೂರ್ತಿ ಹೇಳಿ ಸಾರ್, ಬರೀ ಮೆಡಲ್ ವಿಡಿಯೋ ತೋರಿಸ್ಬೇಡಿ. ಪಂಜಾಬಿನ ಮೋಗಾ ಜಿಲ್ಲೆ ರೈತನ ಮಗ, ಅವನಿಗೆ ಇಷ್ಟ ಇದ್ದಿದ್ದು ಕ್ರಿಕೆಟ್, ಅಪ್ಪ ಹೇಳಿದ್ದಕ್ಕೆ ಗುಂಡು ಹಿಡಿದವನು, ಆಮೇಲೆ ನೇವಿ ಸೇರಿದ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 20.75 ಮೀಟರ್ ಹಾಕಿ ಚಿನ್ನ, ಓಂ ಪ್ರಕಾಶ್ ಕರ್ಹಾನಾದು 20.69 ಅಂತ ಆರು ವರ್ಷದಿಂದ ಇದ್ದ ರಾಷ್ಟ್ರೀಯ ದಾಖಲೆ ಅವತ್ತು ಹೋಯ್ತು. ಮೆಡಲ್ ತಗೊಂಡು ಮನೆ ಮುಟ್ಟೋಕ್ ಮುಂಚೆನೇ ಕ್ಯಾನ್ಸರ್ ಇದ್ದ ಅಪ್ಪ ತೀರ್ಕೊಂಡ್ರು. 2021ರಲ್ಲಿ ಪಟಿಯಾಲದಲ್ಲಿ 21.49 ಹಾಕಿದವನು ಅದೇ ವರ್ಷ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 19.99ಕ್ಕೆ ನಿಂತ, ಫೈನಲ್ಲೂ ಇಲ್ಲ. 2023ರಲ್ಲಿ ಭುವನೇಶ್ವರದಲ್ಲಿ 21.77, ಅದಾದ್ಮೇಲೆ ಬ್ಯಾಂಕಾಕ್ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ ಗೆದ್ದು ತೊಡೆಸಂದಿ ನೋವಿಗೆ ಕುಂಟ್ಕೊಂಡು ಹೊರಗೆ ಬಂದ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೇ ಎಸೆತದವರೆಗೂ ಸೌದಿಯವನು ಮುಂದಿದ್ದ, ಇವನು ಆರನೇದ್ರಲ್ಲಿ 20.36 ಹಾಕಿ ಚಿನ್ನ ಕಿತ್ಕೊಂಡ. ನಂಗಂತೂ ದಾಖಲೆಗಿಂತ ಆ ಎಸೆತನೇ ದೊಡ್ಡದು.

ಎರಿಹೊಲ_ರಾಯಚೂರು:
7 ಕೆಜಿ ಮಾತು ಹೇಳಿದವ್ರಿಗೆ ದೂರದಿಂದ ನಮಸ್ಕಾರ ಮಾಡ್ರಿ ಮಾವ. ದೊಡ್ಡ ಗಂಡಸ್ರದು 7.26 ಕೆಜಿ, 20ರೊಳಗಿನವ್ರಿಗೆ 6, 18ರೊಳಗಿನವ್ರಿಗೆ 5, ಇದು ಸುಮ್ನ ಮಾಡಿದ್ದಲ್ಲ. ಭಾರ ಜಾಸ್ತಿ ಆತಂದ್ರ ಹುಡುಗ ಕಾಲಿಂದ ಒಗಿಯೋದು ಬಿಟ್ಟು ಭುಜದಿಂದ ನೂಕ್ತಾನ, ಮೊಣಕೈ ಕೆಳಗ ಬೀಳ್ತೈತಿ, ಮಣಿಕಟ್ಟು ಹೋಗ್ತೈತಿ, ಆ ಚಟ ಬಿಡ್ಸೋದ್ರಾಗ ಮುಂದಿನ ಕೋಚ್‌ಗೆ ಸಾಕಾಗಿ ಹೋಗ್ತೈತಿ. ನಾನು ಯೂನಿವರ್ಸಿಟಿ ಮಟ್ಟಕ್ಕ ಒಗದೀನಿ, ಅಷ್ಟರಾಗ ಕಂಡಿದ್ದು ಇದು. ರಟ್ಟಿ ಕೆಲಸ ಬರೋದು ಕಡೀಕ, ನೆಲ ಒದ್ದ ಕಾಲಿನ ಜೋರು ಸೊಂಟ ತಿರುಗಿಸಿ ಎದಿ ಮ್ಯಾಲಿಂದ ಕೈಗೆ ಬರಬೇಕು. ಮೊದಲು ಹಿಡಿಯೋದು ನೋಡ್ರಿ: ಗುಂಡು ಅಂಗೈಯಾಗ ಕೂಡಬಾರದು, ಬೆರಳಿನ ಬುಡದ ಮ್ಯಾಲ ಕೂಡಬೇಕು, ದವಡಿ ಕೆಳಗ ಕುತ್ತಿಗಿಗೆ ಒತ್ತಿರಬೇಕು, ಹೆಬ್ಬೆರಳು ಕೆಳಗ, ಮೊಣಕೈ ಹೊರಗ. ಪ್ರಾಕ್ಟೀಸ್ ಮುಗದಮ್ಯಾಲ ಅಂಗೈ ಸ್ವಚ್ಛ ಇದ್ದು ಕುತ್ತಿಗಿ ಹೊಲಸಾಗಿದ್ರ ಸರಿ ಹಿಡದಾನ ಅಂತ ಅರ್ಥ, ನಮ್ಮ ಕಡೆ ಎರಿಮಣ್ಣಾಗ ಒಗದ್ರ ಕುತ್ತಿಗಿ ಮ್ಯಾಲ ಕರೀ ಪಟ್ಟಿ ಬೀಳ್ತೈತಿ, ತಾಯಿ ಬೈತಾಳ ಬೈಲಿ. ಒಂದು ಸೀಸನ್ ನಿಂತಲ್ಲೇ ಒಗಿಯೋದು, ಆಮ್ಯಾಲ ಗ್ಲೈಡ್ (ತಿರುಗದ, ಬೆನ್ನು ಮುಂದ ಮಾಡಿ ನಿಂತು ಹಿಂದಕ್ಕ ಜಾರಿ ಒಗಿಯೋದು), ಗಿರಗಿರ ತಿರುಗೋದು ಆಮ್ಯಾಲ ನೋಡಿದ್ರಾತು.

ಮಂಡಕ್ಕಿ_ಮಿರ್ಚಿ:
ಈಗಿನ ಕಾಲದಲ್ಲಿ ಗ್ಲೈಡ್ ಯಾರ್ ಮಾಡ್ತಾರೆ ಗುರು, ಕ್ರೌಸರ್ 2023ರಲ್ಲಿ 23.56 ಹಾಕಿದ್ದು ತಿರುಗೀನೇ, ರಿಯೋ, ಟೋಕಿಯೋ, ಪ್ಯಾರಿಸ್ ಮೂರೂ ಒಲಿಂಪಿಕ್ಸ್ ಚಿನ್ನ ತಿರುಗೀನೇ. ಹುಡುಗನಿಗೆ ಬಂದಿರೋ ಆಸೆ ಯಾಕ್ ಕೊಲ್ತೀರಿ. ಆಮೇಲೆ ಊಟ, ಕ್ರೌಸರ್ ದಿನಕ್ಕೆ 5000 ಕ್ಯಾಲರಿ ತಿಂತಾನಂತೆ, ಅಕ್ಕನಿಗೆ ಹೇಳಿ ರೊಟ್ಟಿ ತಟ್ಟೋಕೆ ಇನ್ನೊಬ್ಬರನ್ನ ಇಟ್ಕೊಳ್ಳಿ ಅಂತ 😂

ಎರಿಹೊಲ_ರಾಯಚೂರು:
ಆಸೆ ಕೊಲ್ಲಾಕತ್ತಿಲ್ಲ ತಮ್ಮಾ. ಕ್ರೌಸರ್ ಎತ್ತರ ಆರಡಿ ಏಳಿಂಚು, ಅಪ್ಪ ಚಿಕ್ಕಪ್ಪ ಎಲ್ಲಾರೂ ಥ್ರೋವರ್ಸ್, ಹಂತಾ ಮನಿ ಅದು. ಪೂರ್ವ ಜರ್ಮನಿ ಟಿಮ್ಮರ್‌ಮನ್ 1988ರಾಗ 23.06 ಒಗದಿದ್ದು ಗ್ಲೈಡ್‌ನಾಗ, ಅಷ್ಟು ದೂರ ಹೋದಮ್ಯಾಲ ಗ್ಲೈಡ್ ಸಾಲ್ತಿಲ್ಲ ಅಂತ ನಮ್ಮ ಹುಡುಗ ಬಂದು ಹೇಳಿದ್ರ ಆವಾಗ ನೋಡೂಣು. ತಿರುಗುವಾಗ ವೃತ್ತ ಬರೀ 2.135 ಮೀಟರ್, ಬ್ಯಾಲೆನ್ಸ್ ತಪ್ಪಿ ಒಂದು ಬೆರಳು ಸ್ಟಾಪ್ ಬೋರ್ಡ್ (ವೃತ್ತದ ಮುಂದಿರೋ ಅಡ್ಡಪಟ್ಟಿ) ಮ್ಯಾಲ ಇಟ್ರೂ ಫೌಲ್. ದೊಡ್ಡ ಮೀಟ್‌ನಾಗ ಸಾಮಾನ್ಯವಾಗಿ ಮೂರು ಎಸೆತ, ಮೊದಲ ಎಂಟು ಮಂದಿಗೆ ಮಾತ್ರ ಇನ್ನೂ ಮೂರು, ಮೂರೂ ಫೌಲ್ ಆದ್ರ ಗಂಟು ಕಟ್ಟೋದ.

ಇನ್ನೊಂದು, 45 ಡಿಗ್ರಿ ಕೋನದಾಗ ಒಗದ್ರ ಭಾಳ ದೂರ ಹೋಗ್ತೈತಿ ಅಂತ ಪುಸ್ತಕದಾಗ ಓದಿದ್ದು ಇಲ್ಲಿ ನಡಿಯಂಗಿಲ್ಲ. ಗುಂಡು ಬಿಡೋದೇ ನೆಲದಿಂದ ಎರಡು ಮೀಟರ್ ಮ್ಯಾಲ, ಮತ್ತ ಮ್ಯಾಲಕ್ಕ ನೂಕಿದಷ್ಟು ಸ್ಪೀಡ್ ಕಡಿಮಿ ಆಗ್ತೈತಿ, ಅದಕ್ಕ ದೊಡ್ಡ ಥ್ರೋವರ್ಸ್ 35-38ರ ಸುತ್ತಮುತ್ತ ಬಿಡ್ತಾರ. ಆಕಾಶ ನೋಡಿ ಒಗಿಬ್ಯಾಡ ಅಂತ ಹೇಳ್ರಿ.

ಕಾರಟಗಿ_ಮಾವ:
ಭಾಳ ಉಪಕಾರ ಆತ್ರೀ. 7 ಕೆಜಿ ಕ್ಯಾನ್ಸಲ್. ಜಿಮ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತ ತೋರಣಗಲ್ ಕಡೆ ಜಿಂದಾಲ್‌ನವ್ರದು ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಐತಲ್ಲ, ಅಲ್ಲಿ ಸೇರಿಸ್ಕೋತಾರೇನು?

ಬಳ್ಳಾರಿ_ಟ್ರ್ಯಾಕ್:
ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್, 2018ರಲ್ಲಿ ಶುರುವಾಗಿದ್ದು, ನೀರಜ್ ಚೋಪ್ರಾ ಬಂದು ಪ್ರಾಕ್ಟೀಸ್ ಮಾಡಿದ ಜಾಗ. ಅಥ್ಲೆಟಿಕ್ಸ್ ಇದೆ, ಆದ್ರೆ ಹೋಗಿ ಫೀಸ್ ಕಟ್ಟಿ ಸೇರೋ ಟ್ಯೂಷನ್ ಅಲ್ಲ, ಟ್ಯಾಲೆಂಟ್ ನೋಡಿ ಆರಿಸ್ತಾರೆ. ಈ ವರ್ಷ ಶಾಟ್‌ಪುಟ್‌ಗೆ ತಗೋತಾರಾ ಇಲ್ವಾ ಅನ್ನೋದು ಅವರನ್ನೇ ಕೇಳಿ, ಯಾರದೋ ಮಾತು ನಂಬಿ ಬಸ್ ಹತ್ಬೇಡಿ. ಕ್ರೀಡಾ ಇಲಾಖೆ ಹಾಸ್ಟೆಲ್ ಆಯ್ಕೆನೂ ಇರುತ್ತೆ, ಕೊಪ್ಪಳದ ಜಿಲ್ಲಾ ಕ್ರೀಡಾಂಗಣದ ಆಫೀಸಲ್ಲಿ ಕೇಳಿ. ಹೋಗುವಾಗ ಜನನ ಪ್ರಮಾಣಪತ್ರ ಇಟ್ಕೊಂಡೇ ಹೋಗಿ. ಇಷ್ಟು ದಪ್ಪ ಹುಡುಗನ್ನ ನೋಡಿದ್ ತಕ್ಷಣ ಮೊದಲ ಪ್ರಶ್ನೆ ವಯಸ್ಸಿಂದೇ ಬರುತ್ತೆ.

ಎರಿಹೊಲ_ರಾಯಚೂರು:
ಜಿಮ್ ಈಗ ಬ್ಯಾಡ್ರೀ, ಕಲಿಸೋರಿಲ್ದ ಭಾರ ಎತ್ತಿದ್ರ ಬೆನ್ನು ಹಿಡಕೋತೈತಿ. ಬಸ್ಕಿ, ಮೆಟ್ಟಿಲು ಹಾರೋದು, ಸಣ್ಣ ಸ್ಪ್ರಿಂಟ್, ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಹಿಂದಕ್ಕ ಒಗಿಯೋದು ಸಾಕು. ಪ್ರೋಟೀನ್ ಪೌಡರ್ ರೊಕ್ಕಾ ಮೊಟ್ಟಿ ಹಾಲು ಶೇಂಗಾಕ್ಕ ಹಾಕ್ರಿ. ಬ್ಯಾಸಿಗ್ಯಾಗ ಬೆಳಿಗ್ಗೆ ಎಂಟರೊಳಗ ಮುಗಿಸ್ರಿ, ನಮ್ಮ ಬಿಸಲಾಗ ಕಬ್ಬಿಣದ ಗುಂಡು ಕುತ್ತಿಗಿಗೆ ಇಟ್ರ ಚುರ್ ಅಂತೈತಿ. ಮತ್ತ ಅಂಗಳದಾಗ ಬ್ಯಾಡ, ಬಯಲಿಗೆ ಕಳಸ್ರಿ, ಮುಂದ ಮಂದಿ ಅಡ್ಡಾಡದಂಗ ಒಬ್ಬರು ನಿಂದ್ರಿ.