ಕಾರಿನಲ್ಲೇ ಮಲಗಿ ನಲವತ್ತು ದಿನ: ಹೋಗಿ ಬಂದವರು ಅನುಭವ ಹೇಳಿ

ಡೊಂಬಿವಲಿಯಿಂದ
ನನಗೆ 63, ನನ್ನಾಕೆಗೆ 60. ಸಂಕ್ರಾಂತಿ ಮುಗಿಸಿ ಕೊಂಕಣ, ಗೋವಾ, ನಮ್ಮ ಕರಾವಳಿ ಹಿಡಿದು ಕನ್ಯಾಕುಮಾರಿ, ರಾಮೇಶ್ವರದವರೆಗೆ ಹೋಗಿ, ಬರುವಾಗ ಬಾದಾಮಿ, ಹಂಪಿ ನೋಡಿಕೊಂಡು ಹಿಂದಿರುಗುವ ಯೋಚನೆ. ಆದಷ್ಟು ರಾತ್ರಿ ಕಾರಿನಲ್ಲೇ ಮಲಗಬೇಕೆಂಬ ಆಸೆ ಇಬ್ಬರಿಗೂ ಇದೆ. ಗಾಡಿ ಐದು ಆಸನದ್ದು, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆ. ನನ್ನಾಕೆಗೆ ಮೊಣಕಾಲು ನೋವು. ಹಾಸಿಗೆ, ಸ್ನಾನ, ಅಡುಗೆ ಹೇಗೆ ಹೊಂದಿಸಿಕೊಂಡಿರಿ ಎಂದು ದಯವಿಟ್ಟು ತಿಳಿಸಿ.

ಥಾಣೆಯಿಂದ
ಕಣ್ಣು ಮುಚ್ಚಿಕೊಂಡು ಹೊರಡಿ. ನಾವು 2023ರ ಡಿಸೆಂಬರ್ 4ಕ್ಕೆ ಹೊರಟು ಜನವರಿ 24ಕ್ಕೆ ಮನೆ ಸೇರಿದೆವು. 52 ದಿನ, 5,140 ಕಿಲೋಮೀಟರ್. ಗಾಡಿ ಏಳು ಆಸನದ ಡೀಸೆಲ್. ಡೀಸೆಲ್‌ಗೆ 29,600, ಟೋಲ್‌ಗೆ 7,850 ರೂಪಾಯಿ. ಒಂದೊಂದು ಚೀಟಿಯನ್ನೂ ಇಟ್ಟುಕೊಂಡಿದ್ದೇನೆ.

ಹಾಸಿಗೆಯ ಕಥೆ ಕೇಳಿ. ಹಿಂದಿನ ಎರಡೂ ಸಾಲು ಮಡಚಿ ಮೇಲೆ 12 ಮಿಲಿಮೀಟರ್ ಪ್ಲೈವುಡ್ ಹಾಸಿದೆ. ಪ್ಲೈವುಡ್‌ಗೆ 2,600, ಬಡಗಿಗೆ 1,800, ನಾಲ್ಕು ಅಂಗುಲದ ಫೋಮ್‌ಗೆ 5,800. ಹಲಗೆ ಒಂದೇ ತುಂಡು, ಆರು ಅಡಿಗೆ ನಾಲ್ಕಡಿ. ಅಲ್ಲೇ ಎಡವಿದ್ದು. ಸಾವಂತವಾಡಿ ಇನ್ನೂ ಹತ್ತು ಕಿಲೋಮೀಟರ್ ಇರುವಾಗ, ಸೂರ್ಯ ಮುಳುಗುವ ಹೊತ್ತಿಗೆ, ಟಯರ್ ಪಂಕ್ಚರ್ ಆಯಿತು. ಜಾಕ್, ಪಾನಾ ಎರಡೂ ಹಲಗೆಯ ಅಡಿಯಲ್ಲಿ. ಹಾಸಿಗೆ, ದಿಂಬು, ಅಕ್ಕಿಯ ಡಬ್ಬ, ಕುಕ್ಕರ್, ದೇವರ ಪಟ ಎಲ್ಲವನ್ನೂ ರಸ್ತೆಯ ಬದಿಯಲ್ಲಿ ಹರಡಿ ಹಲಗೆ ಎತ್ತಬೇಕಾಯಿತು. ಮರುದಿನ ಅಲ್ಲಿಯೇ ಒಬ್ಬ ಬಡಗಿಯ ಕೈಯಿಂದ ಮೂರು ತುಂಡು ಮಾಡಿಸಿ, ಕೀಲು ಕೂಡಿಸಿ, ನಾಲ್ಕು ಬೋಲ್ಟ್ ಹಾಕಿ ಬಿಗಿಸಿದೆ. ಮತ್ತೆ 1,100 ಖರ್ಚು. ಮೂರು ತುಂಡು ಎಂಬುದನ್ನು ಮಾತ್ರ ಮರೆಯಬೇಡಿ.

ಸ್ನಾನಕ್ಕೆ ಲಾರಿಯವರು ನಿಲ್ಲುವ ಢಾಬಾ ಸಾಕು, 50 ರೂಪಾಯಿ ಕೊಟ್ಟರೆ ಬಿಸಿನೀರೂ ಸಿಗುತ್ತದೆ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಆ ಬೆಳಗನ್ನು ಯಾವ ಲಾಡ್ಜೂ ಕೊಡುವುದಿಲ್ಲ. ಮೆತ್ತನೆಯ ಹಾಸಿಗೆಯೇ ಬೇಕೆನ್ನುವವರು ಮನೆಯಲ್ಲೇ ಇರುವುದು ಒಳ್ಳೆಯದು.

ಚಿಂಚವಡದಿಂದ
ಆ ಕೊನೆಯ ಮಾತಿಗಾಗಿಯೇ ಬರೆಯುತ್ತಿದ್ದೇನೆ. ನನಗೆ 61. ನನ್ನ ಯಜಮಾನರೂ ಹೀಗೇ ಉತ್ಸಾಹದಿಂದ ಹೊರಡಿಸಿದರು. ಹನ್ನೊಂದನೆಯ ದಿನ ಕುಮಟಾದಿಂದಲೇ ವಾಪಸು ಬಂದೆವು.

ರಾತ್ರಿ ಮೂರು ಬಾರಿ ಎದ್ದು ಹೋಗಬೇಕಾದ ಹೆಂಗಸಿನ ಪಾಡನ್ನು ಇಲ್ಲಿ ಯಾರೂ ಬರೆಯುವುದಿಲ್ಲ. ಕತ್ತಲಲ್ಲಿ ಟಾರ್ಚ್ ಹುಡುಕಬೇಕು. ಮೊಣಕಾಲು ಮಡಚಲಾಗದೆ ಅಂಡಿನ ಮೇಲೆ ಜಾರುತ್ತಾ ಬಾಗಿಲಿನವರೆಗೆ ಬರಬೇಕು. ಚಪ್ಪಲಿ ಕಾರಿನ ಅಡಿಗೆ ಸರಿದಿರುತ್ತದೆ. ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ, ಕೀಲಿ ಇರುವ ಹುಡುಗ ಕುರ್ಚಿಯಲ್ಲಿ ಗಾಢ ನಿದ್ದೆಯಲ್ಲಿ. ಅವನನ್ನು ಎಬ್ಬಿಸಲು ನಾಚಿಕೆ. ಐದನೆಯ ದಿನದಿಂದ ನಾನು ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟೆ. ಯಜಮಾನರಿಗೆ ಹೇಳಲಿಲ್ಲ. ಹತ್ತನೆಯ ರಾತ್ರಿ ಚಳಿಜ್ವರ, ಉರಿಮೂತ್ರ. ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದೆ, 23,400 ರೂಪಾಯಿ ಬಿಲ್ ಬಂತು. ಅಷ್ಟರಲ್ಲಿ ಎಷ್ಟು ರಾತ್ರಿ ಒಳ್ಳೆಯ ಲಾಡ್ಜಿನಲ್ಲಿ ಇರಬಹುದಿತ್ತು, ನೀವೇ ಲೆಕ್ಕ ಹಾಕಿ.

ಥಾಣೆಯವರೇ, ಹಲಗೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದಿದ್ದೀರಿ. ನಿಮ್ಮ ಹೆಂಡತಿ ರಾತ್ರಿ ಎಲ್ಲಿಗೆ ಹೋಗುತ್ತಿದ್ದರು ಎಂದು ಒಂದು ಸಾಲು ಬರೆದಿದ್ದೀರಾ?

ಥಾಣೆಯಿಂದ
ಅಕ್ಕ, ನಿಮಗೆ ತೊಂದರೆಯಾಯಿತು, ಬೇಸರವಿದೆ. ಆದರೆ ಬಾಯಿ ಬಿಟ್ಟು ಹೇಳದೆ ನೀರು ಬಿಟ್ಟದ್ದು ಪ್ರವಾಸದ ತಪ್ಪಲ್ಲ. ನನ್ನ ಹೆಂಡತಿ 52 ದಿನದಲ್ಲಿ ಒಮ್ಮೆಯೂ ದೂರಲಿಲ್ಲ.

ಚಿಂಚವಡದಿಂದ
ದೂರಲಿಲ್ಲ ಎಂದರೆ ಕಷ್ಟವೇ ಇರಲಿಲ್ಲ ಎಂದಲ್ಲ.

ಮುಲುಂಡ್‌ನಿಂದ
ನಿಮ್ಮಿಬ್ಬರ ಮಾತು ನಿಲ್ಲಿಸಿ ಇದನ್ನು ಓದಿ. ಪ್ಲೈವುಡ್, ಬೋಲ್ಟ್ ಎಂದು ಇಷ್ಟು ಧೈರ್ಯವಾಗಿ ಬರೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಹಿಂದಿನ ಸೀಟುಗಳನ್ನೇ ಬಿಚ್ಚಿಸಿ ಮಂಚ ಕೂಡಿಸಿದ್ದೆ. ಖಂಬಾಟಕಿ ಘಾಟಿಯಲ್ಲಿ ಹಿಂದಿನಿಂದ ಒಂದು ಟೆಂಪೋ ಗುದ್ದಿತು. ರಿಪೇರಿಗೆ 1,86,000. ವಿಮೆಯ ಸರ್ವೇಯರ್ ಬಂದು ಮೊದಲು ಫೋಟೋ ತೆಗೆದದ್ದು ನುಜ್ಜಾದ ಬಂಪರನ್ನಲ್ಲ, ಮಂಚವನ್ನು. ಗಾಡಿಯ ನೋಂದಣಿಯಲ್ಲಿ ಏಳು ಆಸನ, ಒಳಗೆ ನೋಡಿದರೆ ಎರಡು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತೋರಿಸಿ ಪರಿಹಾರ ನಿರಾಕರಿಸಿದರು. ಕಂಪನಿ ತಯಾರಿಸಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹದಿನಾಲ್ಕು ತಿಂಗಳು ಓಡಾಡಿದೆ. ಒಂದು ಪೈಸೆ ಬರಲಿಲ್ಲ.

ಇನ್ನೊಂದು ಮಾತು. ಲೈಸೆನ್ಸಿನ ದಿನಾಂಕ ನೋಡಿಕೊಳ್ಳಿ. 55 ದಾಟಿದ ಮೇಲೆ ನವೀಕರಿಸಿದರೆ ಐದೇ ವರ್ಷ. ವೈದ್ಯರ ಪ್ರಮಾಣಪತ್ರವೂ ಬೇಕು. ನನ್ನದು ಮುಗಿಯಲು ಇನ್ನು ಒಂಬತ್ತೇ ದಿನ ಇದೆ ಎಂದು ಗೊತ್ತಾದದ್ದೂ ಆ ಅಪಘಾತದ ದಿನವೇ.

ಥಾಣೆಯಿಂದ
ನಾನು ಸೀಟು ಬಿಚ್ಚಿಲ್ಲ, ಮಡಚಿದ್ದೇನೆ. ಎರಡಕ್ಕೂ ವ್ಯತ್ಯಾಸವಿದೆ. ಬೋಲ್ಟ್ ಇಲ್ಲದಿದ್ದರೆ ಬ್ರೇಕ್ ಒತ್ತಿದ ಕೂಡಲೇ ಹಲಗೆ ಮುಂದಕ್ಕೆ ನುಗ್ಗಿ ಕುತ್ತಿಗೆಗೆ ಬಡಿಯುತ್ತದೆ. ಅದನ್ನು ಯೋಚಿಸಿಯೇ ಹಾಕಿಸಿದ್ದು.

ಮುಲುಂಡ್‌ನಿಂದ
ಎಲ್ಲಿಗೆ ಹಾಕಿಸಿದಿರಿ? ಗಾಡಿಯ ಮೈಗೆ ತೂತು ಕೊರೆಸಿದಿರೋ ಇಲ್ಲವೋ, ಅಷ್ಟು ಹೇಳಿ.

ಪನವೇಲಿನಿಂದ
ಟೋಲಿನ ವಿಷಯ ಯಾರೂ ಸರಿಯಾಗಿ ಹೇಳಿಲ್ಲ. ಖಾಸಗಿ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಿಂದ ಬಂದಿದೆ, ಆಗ ಅದರ ಬೆಲೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಬಾರಿ ಟೋಲ್ ದಾಟುವುದು, ಯಾವುದು ಮೊದಲೋ ಅಲ್ಲಿಯವರೆಗೆ. ಥಾಣೆಯವರು 7,850 ಕೊಟ್ಟಿದ್ದಾರೆ, ಈಗ ಬಹುಪಾಲು ಆ ಪಾಸಿನಲ್ಲೇ ಮುಗಿಯುತ್ತದೆ. ನಾನು ಸೆಪ್ಟೆಂಬರಿನಲ್ಲಿ ಬೆಳಗಾವಿಯವರೆಗೆ ಹೋಗಿ ಬಂದೆ, ಎಲ್ಲಿಯೂ ಹಣ ಕಡಿತವಾಗಲಿಲ್ಲ.

ಖಾರಘರ್‌ನಿಂದ
ಎಲ್ಲಿಯೂ ಎಂದು ಬರೆದು ಜನರನ್ನು ದಾರಿ ತಪ್ಪಿಸಬೇಡಿ. ನಾನು ಇಂಥದ್ದೇ ಮಾತು ನಂಬಿ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿದೆ, 320 ರೂಪಾಯಿ ಕಡಿತವಾಯಿತು. ಬರುವಾಗ ಮತ್ತೆ 320. ಆ ಪಾಸು ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಿಗೆ ಮಾತ್ರ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ್ದು, ಸಮೃದ್ಧಿ ಮಾರ್ಗವೂ ರಾಜ್ಯದ್ದು.

ಪನವೇಲಿನಿಂದ
ನಾನು ಆ ಎಕ್ಸ್‌ಪ್ರೆಸ್‌ವೇ ಹತ್ತಲಿಲ್ಲ. ನನಗೆ ಕಡಿತವಾಗಲಿಲ್ಲ ಎಂದಷ್ಟೇ ಬರೆದೆ, ನಿಮಗೆ ಆಗುವುದಿಲ್ಲ ಎಂದಲ್ಲ.

ವಾಸ್ಕೋದಿಂದ
ಗದಗಿನವನು, 34 ವರ್ಷದಿಂದ ಗೋವಾದಲ್ಲಿದ್ದೇನೆ. ನಮ್ಮ ಊರಿನ ಮೇಲೆ ಹಾದುಹೋಗುವವರಿಗೆ ಒಂದು ವಿನಂತಿ. ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಒಲೆ ಹಚ್ಚುವುದನ್ನು ಇಲ್ಲಿ 2019ರಲ್ಲಿ ಕಾಯ್ದೆ ತಿದ್ದಿ ನಿಷೇಧಿಸಿದ್ದಾರೆ, ಆಗ ತಲೆಗೆ 2,000 ದಂಡ ಇಟ್ಟಿದ್ದರು. ಮರಳಿನ ಮೇಲೆ ಗಾಡಿ ಇಳಿಸುವುದೂ ಅಪರಾಧ. ನಾವು ಆರೇಳು ಮಂದಿ ನಿವೃತ್ತರು ಭಾನುವಾರ ಬೆಳಿಗ್ಗೆ ತೀರ ಗುಡಿಸಲು ಹೋಗುತ್ತೇವೆ. ಮೂರು ಕಲ್ಲು, ಕರಿ ಬೂದಿ, ಅರ್ಧ ಬೆಂದ ಅನ್ನ, ಒಡೆದ ಬಾಟಲಿ. ಕಳೆದ ಮಳೆಗಾಲದ ಮೊದಲು ನನ್ನ ಅಂಗಾಲಿಗೆ ಗಾಜು ಹೊಕ್ಕು ನಾಲ್ಕು ಹೊಲಿಗೆ ಬಿತ್ತು.

ಮರಳಿನ ಪಾಠ ನಾನು ಬೇರೆ ಕಡೆ ಕಲಿತೆ. ನಾನೂ ನನ್ನ ಹೆಂಡತಿಯೂ ಸಿಂಧುದುರ್ಗದ ಒಂದು ತೀರದಲ್ಲಿ, ನೀರಿಗೆ ಹತ್ತಿರ ಇರಲೆಂದು ಮರಳಿನ ಅಂಚಿನಲ್ಲೇ ಗಾಡಿ ನಿಲ್ಲಿಸಿ ಮಲಗಿದೆವು. ಬೆಳಗಿನ ಜಾವ ಮೂರಕ್ಕೆ ಭರತ ಏರಿ ಹಿಂದಿನ ಚಕ್ರಗಳು ಅರ್ಧ ಹೂತವು. ಹೊರಗೆ ಬರಲು ಒದ್ದಾಡಿದಷ್ಟೂ ಇಳಿಯಿತು. ಬೆಳಕು ಹರಿದ ಮೇಲೆ ಟ್ರ್ಯಾಕ್ಟರ್ ಬಂತು, 4,500. ಅಲ್ಲಿಗೆ ಮುಗಿಯಿತೆಂದುಕೊಂಡೆ. ಎಂಟು ತಿಂಗಳಿಗೆ ಗಾಡಿಯ ತಳವೆಲ್ಲ ತುಕ್ಕು ತಿಂದು ಸೈಲೆನ್ಸರ್ ಉದುರಿತು, 38,000. ಉಪ್ಪುನೀರು ತಾಗಿದ ದಿನವೇ ತಳವನ್ನು ಸಿಹಿನೀರಿನಲ್ಲಿ ತೊಳೆಸಿದ್ದರೆ 400 ರೂಪಾಯಿಯಲ್ಲಿ ಹೋಗುತ್ತಿತ್ತು.

ಮುಲುಂಡ್‌ನಿಂದ
ಗೋವಾದಲ್ಲಿ ಮುಂಬೈ ನಂಬರಿನ ಗಾಡಿ ಕಂಡರೆ ಸಾಕು, ರಾತ್ರಿ ಗಾಜು ಬಡಿದು ಎಬ್ಬಿಸುತ್ತಾರೆ. ಮಲಗುವುದೂ ಅಪರಾಧವೇ?

ವಾಸ್ಕೋದಿಂದ
ರಾಯರೇ, ನನ್ನ ಮನೆಯ ಗೇಟಿನೆದುರು ಮೂರು ದಿನ ಗಾಡಿ ನಿಲ್ಲಿಸಿ ಗಟಾರಿಗೆ ಪಾತ್ರೆ ತೊಳೆದ ನೀರು ಚೆಲ್ಲಿದವರನ್ನು ನಾನೂ ಗಾಜು ಬಡಿದೇ ಎಬ್ಬಿಸಿದ್ದೇನೆ. ಕೇಳಿ ನಿಲ್ಲಿಸಿದ್ದರೆ ನಾನೇ ಅಂಗಳ ಬಿಟ್ಟುಕೊಡುತ್ತಿದ್ದೆ, ಭಕ್ರಿಯನ್ನೂ ಕೊಡುತ್ತಿದ್ದೆ.

ಕೋಥ್ರೂಡ್‌ನಿಂದ
ಬಾದಾಮಿಯ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. 31 ವರ್ಷ ಔಷಧದ ಅಂಗಡಿ ನಡೆಸಿದವನು ನಾನು. ಇನ್ಸುಲಿನ್ ಹೇಗಿಡಬೇಕೆಂದು ಸಾವಿರಾರು ಜನರಿಗೆ ಹೇಳಿದ್ದೇನೆ. ಬಳಕೆಗೆ ತೆರೆಯದ ಇನ್ಸುಲಿನ್ ಪೆನ್ನು (ಚುಚ್ಚಿಕೊಳ್ಳುವ ಸಾಧನ) ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿ. ಬಳಕೆಗೆ ತೆಗೆದದ್ದು 30 ಡಿಗ್ರಿ ದಾಟದಂತೆ, ಸಾಮಾನ್ಯವಾಗಿ 28 ದಿನ. ಇಷ್ಟೆಲ್ಲ ತಿಳಿದವನು ಮಾರ್ಚ್ ಕೊನೆಯಲ್ಲಿ ಬಾದಾಮಿಯಲ್ಲಿ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪೆನ್ನು ಮರೆತು ಗುಹೆಗಳ ಮೆಟ್ಟಿಲು ಹತ್ತಿದೆ. ಎರಡೂವರೆ ಗಂಟೆ. ಇಳಿದು ಬಂದಾಗ ಸ್ಟಿಯರಿಂಗ್ ಮುಟ್ಟಲಾಗದಷ್ಟು ಕಾದಿತ್ತು. ಪೆನ್ನು ಕಣ್ಣಿಗೆ ಮೊದಲಿನಂತೆಯೇ ತಿಳಿಯಾಗಿತ್ತು. ಅದನ್ನೇ ಚುಚ್ಚಿಕೊಂಡೆ, ಮೂರು ದಿನ. ಬಾಗಲಕೋಟೆಯಲ್ಲಿ ಸಕ್ಕರೆ ನೋಡಿದರೆ 348.

ಆಮೇಲೆ ಹೊಸ ಪೆನ್ನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒಂದು ಸಣ್ಣ ಮಣ್ಣಿನ ಮಡಕೆಯಲ್ಲಿಟ್ಟು, ಮಡಕೆಗೆ ಒದ್ದೆ ಪಂಚೆ ಸುತ್ತಿ, ಹೋದಲ್ಲೆಲ್ಲ ಕೈಯಲ್ಲಿ ಹಿಡಿದುಕೊಂಡೇ ಇಳಿದೆ. ಪಂಚೆ ಒಣಗಿದ ಕೂಡಲೇ ನೀರು ಚಿಮುಕಿಸುವುದು ನನ್ನ ಹೆಂಡತಿಯ ಕೆಲಸ. ಹಂಪಿಯಲ್ಲಿ ಜನ ಅದನ್ನು ಅಸ್ಥಿಯ ಮಡಕೆ ಎಂದುಕೊಂಡು ದಾರಿ ಬಿಟ್ಟರು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸೆಖೆ ಎಂದು ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿಕೊಂಡು ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿಯುವ ಜಾಗವನ್ನು ಅದು ಹಿಡಿದುಬಿಡುತ್ತದೆ. ನಿದ್ದೆಯಲ್ಲಿದ್ದವರಿಗೆ ಉಸಿರುಕಟ್ಟಿದ್ದೂ ತಿಳಿಯುವುದಿಲ್ಲ. ಒಳಗೆ ಒಲೆ ಹಚ್ಚಿದರೂ ಅದೇ ಅಪಾಯ.

ಥಾಣೆಯಿಂದ, ಇನ್ನೊಬ್ಬರು
ಮೇಲೆ ಹಲಗೆಯ ಲೆಕ್ಕ ಬರೆದವರ ಹೆಂಡತಿ ನಾನು. ಮಗಳು ತೋರಿಸಿದ ಮೇಲೆ ಎಲ್ಲ ಓದಿದೆ.

ನಾನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ರಾತ್ರಿಗಳು 51. ಕಾರಿನಲ್ಲಿ ಮಲಗಿದ್ದು 31, ಲಾಡ್ಜು ಮತ್ತು ಯಾತ್ರಿನಿವಾಸ 14, ನೆಂಟರ ಮನೆ 6. ಆ 14ಕ್ಕೆ ಹಣ ಕೊಟ್ಟದ್ದು ನಾನು, ನನ್ನ ಪಿಂಚಣಿಯಿಂದ, 16,300. ಅವರ ಚೀಟಿಗಳ ಕಟ್ಟಿನಲ್ಲಿ ಅದು ಸಿಗುವುದಿಲ್ಲ. ಎರಡು ರಾತ್ರಿ ಕಾರು, ಮೂರನೆಯದಕ್ಕೆ ಛಾವಣಿ ಬೇಕೇ ಬೇಕು ಎಂದು ಪನವೇಲ್ ದಾಟುವ ಮೊದಲೇ ಕರಾರು ಮಾಡಿಕೊಂಡಿದ್ದೆ.

ಚಿಂಚವಡದ ಅಕ್ಕನಿಗೆ ಉತ್ತರ. ರಾತ್ರಿಗೆಂದು ಮಡಚುವ ಕಮೋಡ್ ಕುರ್ಚಿ ತೆಗೆದುಕೊಂಡೆ, 1,900 ರೂಪಾಯಿ. ಹಿಂದಿನ ಬಾಗಿಲು ಮೇಲೆತ್ತಿ, ಅದರ ಸುತ್ತ ದಪ್ಪ ಪರದೆಯನ್ನು ಉಂಗುರ ಹಾಕಿ ಇಳಿಬಿಟ್ಟರೆ ಒಂದು ಕೋಣೆಯಾಗುತ್ತದೆ. ಬೆಳಿಗ್ಗೆ ಡಬ್ಬವನ್ನು ಬಂಕಿನ ಶೌಚಾಲಯಕ್ಕೆ ಸುರಿದು ತೊಳೆಯುತ್ತಿದ್ದುದು ನಮ್ಮ ಯಜಮಾನರೇ. ಅದನ್ನು ಅವರು ಯಾರಿಗೂ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಗಾಜು ಪೂರ್ತಿ ಮುಚ್ಚಿದ ಮೊದಲ ರಾತ್ರಿ ನಮ್ಮಿಬ್ಬರ ಉಸಿರಿಗೇ ಗಾಡಿಯ ಒಳಮೈ ಬೆವರಿ, ನಾಲ್ಕು ಗಂಟೆಗೆ ಹನಿ ಜಾರಿ ನನ್ನ ಹಣೆಯ ಮೇಲೆ ಬಿತ್ತು. ಮಳೆ ಬಂತೆಂದು ಎದ್ದೆ. ಎದುರುಬದುರಿನ ಎರಡು ಗಾಜು ಒಂದೊಂದು ಅಂಗುಲ ಇಳಿಸಿ, ಸೊಳ್ಳೆಪರದೆಯ ಬಟ್ಟೆಯನ್ನು ಬಾಗಿಲಿಗೆ ಚೀಲದಂತೆ ತೊಡಿಸಿ. ನಾನೇ ಹೊಲಿದೆ, ನಾಲ್ಕು ಬಾಗಿಲಿಗೆ ಆರು ಮೀಟರ್ ಸಾಕಾಯಿತು.

ಚಿಂಚವಡದಿಂದ
ಆ ಕುರ್ಚಿಯ ವಿಷಯ ನನಗೆ ಯಾರೂ ಹೇಳಲಿಲ್ಲ ತಂಗಿ. ಎರಡು ವರ್ಷವಾಯಿತು, ಯಜಮಾನರು ಮತ್ತೆ ಎಲ್ಲಿಗೂ ಕರೆದಿಲ್ಲ. ನಾನೂ ಕೇಳಿಲ್ಲ.

ಮುಲುಂಡ್‌ನಿಂದ
ಬೋಲ್ಟಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಡೊಂಬಿವಲಿಯಿಂದ
ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಓದಿದ ಮೇಲೆ ನಿನ್ನೆ ರಾತ್ರಿ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲೇ ಮಲಗಿ ನೋಡಿದೆವು. ಸಿಲಿಂಡರ್ ಇರುವುದರಿಂದ ಹಿಂದಿನ ಸೀಟು ಮಡಚಿದರೂ ಚಪ್ಪಟೆಯಾಗಿ ಸಿಗುವ ಉದ್ದ ನಾಲ್ಕೂವರೆ ಅಡಿ. ನನ್ನ ಎತ್ತರ ಐದು ಅಡಿ ಏಳು ಅಂಗುಲ. ಹನ್ನೆರಡೂವರೆಗೆ ಕಾವಲುಗಾರ ಗಾಜಿಗೆ ಟಾರ್ಚ್ ಹಿಡಿದು, ಮನೆಯಲ್ಲಿ ಜಗಳವಾಯಿತೇ ಎಂದು ವಿಚಾರಿಸಿದ. ಎರಡಕ್ಕೆ ನನ್ನಾಕೆ ಇಳಿದಳು, ಮೊಣಕಾಲು ಹಿಡಿದುಕೊಂಡಿತ್ತು, ಲಿಫ್ಟ್‌ವರೆಗೆ ನಡೆಸಿಕೊಂಡು ಹೋದೆ.

ಬೆಳಿಗ್ಗೆ ಚಹಾ ಕುಡಿಯುತ್ತಾ ಅವಳೇ ಹೇಳಿದಳು, ಹೋಗುವುದಂತೂ ಹೌದು, ಆದರೆ ಒಂದು ರಾತ್ರಿ ಕಾರು, ಒಂದು ರಾತ್ರಿ ಛಾವಣಿ. ಸಿಲಿಂಡರಿನ ಮೂರು ವರ್ಷದ ಒತ್ತಡ ಪರೀಕ್ಷೆಯ ಅವಧಿಯೂ ಫೆಬ್ರುವರಿಗೆ ಮುಗಿಯುತ್ತದೆ. ಪರೀಕ್ಷೆ ಮಾಡಿಸುವ ಬದಲು ಕಿಟ್ಟನ್ನೇ ಬಿಚ್ಚಿಸಿ, ನೋಂದಣಿಯಲ್ಲಿ ಮತ್ತೆ ಬರಿಯ ಪೆಟ್ರೋಲ್ ಎಂದು ಬರೆಸಿದವರು ಯಾರಾದರೂ ಇದ್ದಾರೆಯೇ? ಎಷ್ಟು ದಿನ ಹಿಡಿಯಿತು? ಥಾಣೆಯ ತಂಗಿ, ಆ ಸೊಳ್ಳೆಪರದೆಯ ಬಟ್ಟೆಯ ಪನ್ನ (ಅಗಲ) ಎಷ್ಟಿತ್ತು, ನನ್ನಾಕೆ ಕೇಳುತ್ತಿದ್ದಾಳೆ.